ಎರಡು ಮನೆ, ಇಬ್ಬರು ಮಕ್ಕಳು, ಒಬ್ಬ ಅಕ್ಕ: ಸಂಬಳ ಹೇಗೆ ಮಾತಾಡಿಕೊಳ್ಳಬೇಕು?

ಎರಡು ಮನೆಯವರು ಸೇರಿ ಮಗು ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೊಳ್ಳುವುದು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಹೊಸದೇನಲ್ಲ. ಹೆರಿಗೆ ರಜೆ 26 ವಾರ. ಅದು ಮುಗಿಯುವಾಗ ಮಗುವಿಗೆ ಇನ್ನೂ ಆರು ತಿಂಗಳು. ಅಷ್ಟು ಸಣ್ಣ ಕೂಸನ್ನು ಡೇ ಕೇರ್‌ಗೆ ಬಿಡಲು ಮನಸ್ಸು ಬರುವುದಿಲ್ಲ, ಊರಿಂದ ಅಮ್ಮನೋ ಅತ್ತೆಯೋ ಬಂದು ಎಷ್ಟು ದಿನ ಅಂತ ಇರುತ್ತಾರೆ, ಒಬ್ಬರೇ ಪೂರ್ತಿ ಸಂಬಳ ಕೊಡೋಣ ಅಂದರೆ ಮನೆ ಬಾಡಿಗೆ, ಲೋನು ಎಲ್ಲಾ ಕಣ್ಣ ಮುಂದೆ ಬರುತ್ತದೆ. ಕೆಳಗಿನ ಮಹಡಿಯಲ್ಲಿ ಅದೇ ವಯಸ್ಸಿನ ಇನ್ನೊಂದು ಮಗು ಇರುತ್ತದೆ. ಲಿಫ್ಟಲ್ಲಿ ಸಿಕ್ಕಾಗ ಮಾತು ಶುರುವಾಗುತ್ತದೆ.

ಆದರೆ ಆ ಮಾತು ನಡೆಯುವುದು ಎರಡು ಮನೆಯವರ ನಡುವೆ ಮಾತ್ರ. ಇಬ್ಬರು ಮಕ್ಕಳನ್ನು ಎತ್ತಿ ಆಡಿಸಬೇಕಾದವರು ಅಲ್ಲಿ ಇರುವುದೇ ಇಲ್ಲ. ಒಂದು ಸಂಬಳವನ್ನು ಎರಡು ಭಾಗ ಮಾಡಿ "ಆಹಾ, ಅರ್ಧ ದುಡ್ಡು ಉಳಿಯಿತು" ಅಂತ ಇಬ್ಬರೂ ಖುಷಿಪಡುತ್ತಾರೆ. ನಾವೂ ಮೊದಲ ಸಲ ಹಾಗೇ ಮಾಡಿದ್ದೆವು. 20,000 ಸಂಬಳ, ಮನೆಗೆ 10,000. ಎಂಟು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಇನ್ನೊಂದು ಮನೆಯವರು ಆಫೀಸಿಗೆ ಹತ್ತಿರ ಅಂತ ವೈಟ್‌ಫೀಲ್ಡ್ ಕಡೆ ಮನೆ ಮಾಡಿದರು. ಹೇಳಿದ್ದು ಒಂದು ವಾರ ಮೊದಲು. ನಾವು 14,000 ಕೊಡುತ್ತೇವೆ ಅಂದೆವು. ಅಷ್ಟರಲ್ಲಿ ಆ ಅಕ್ಕ ಮನೆ ಬಾಡಿಗೆ, ಮಗಳ ಫೀಸು ಕಟ್ಟುವುದು ಹೇಗೆ? ಆ ತಿಂಗಳೇ ಕೆಲಸ ಬಿಟ್ಟರು. ನಮ್ಮ ಮಗು ಹದಿನೈದು ದಿನ ಬಾಗಿಲ ಕಡೆ ನೋಡಿಕೊಂಡು ಅತ್ತಿತು.

ಎರಡನೇ ಸಲ ಸರಿಯಾಗಿ ಕೂತು ಮಾತಾಡಿದೆವು. ಈ ಬರಹ ಅದರದ್ದೇ. ಯಾವ ಯಾವ ದಾರಿಗಳಿವೆ, ಯಾವುದರಲ್ಲಿ ಯಾರಿಗೆ ಎಷ್ಟು ಬೀಳುತ್ತದೆ, ನಾನಾದರೆ ಯಾವುದನ್ನು ಆರಿಸುತ್ತೇನೆ ಅಂತ ಹೇಳುತ್ತೇನೆ. ಕೆಳಗಿನ ಲೆಕ್ಕಗಳು ನಮ್ಮ ಎರಡು ಮನೆಯ ಲೆಕ್ಕ. ನಿಮ್ಮ ಏರಿಯಾದಲ್ಲಿ ಸಂಬಳ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಮಾತ್ರ ಎಲ್ಲಾ ಕಡೆ ನಡೆಯುತ್ತದೆ.

ಮೊದಲು ಒಂದು ಮಾತು. ನಿಮ್ಮ ಕಂಪನಿಯಲ್ಲಿ 50 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ, ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಮೇಲೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡುವುದು ಕಡ್ಡಾಯ. ಅದನ್ನು ಎಚ್‌ಆರ್ ಹತ್ತಿರ ಕೇಳಿ. ಅದು ಚೆನ್ನಾಗಿದ್ದರೆ, ದಾರಿಯಲ್ಲೇ ಇದ್ದರೆ, ಈ ತಲೆನೋವೇ ಬೇಡ. ಆಗಲ್ಲ ಅಂದರೆ ಮುಂದೆ ಓದಿ.

ಸಂಬಳ ಎಷ್ಟು: ಮೂರು ದಾರಿ

ಮೊದಲನೆಯದು ನಾವು ಮಾಡಿದ ಹಾಗೆ ಒಂದು ಮನೆಯ ಸಂಬಳವನ್ನೇ ಇಬ್ಬರು ಹಂಚಿಕೊಳ್ಳುವುದು. ಎರಡನೆಯದು ಒಂದು ಮಗುವಿಗೆ ಇಷ್ಟು ಅಂತ ಹಿಡಿದು ಎರಡರಿಂದ ಗುಣಿಸುವುದು. ಮೂರನೆಯದು ಒಂದು ಮನೆಯ ಸಂಬಳದ ಮೇಲೆ ಅರ್ಧದಷ್ಟು ಸೇರಿಸಿ, ಆ ಒಟ್ಟು ಮೊತ್ತವನ್ನು ಹಂಚಿಕೊಳ್ಳುವುದು.

ಮೊದಲನೆಯದು ಏಕೆ ಬೇಡ ಅಂತ ತಿಳಿಯಬೇಕಾದರೆ ಒಂದು ಬೆಳಗ್ಗೆ ಮನೆಯಲ್ಲೇ ಕೂತು ನೋಡಿ. ನಾನು ನೋಡಿದ್ದೇನೆ. ಹನ್ನೊಂದು ಗಂಟೆ. ನಮ್ಮ ಮಗುವಿಗೆ ರಾಗಿ ಸರಿ ತಿನ್ನಿಸುತ್ತಿದ್ದಾರೆ, ಅರ್ಧ ಬಟ್ಟಲು ಆಗಿದೆ. ತೊಟ್ಟಿಲಲ್ಲಿ ಮಲಗಿದ್ದ ಇನ್ನೊಂದು ಮಗು ಎದ್ದು ಅಳುತ್ತದೆ. ಎಡಗೈಯಲ್ಲಿ ಬಟ್ಟಲು, ಬಲಗೈಗೆ ಅಂಟಿದ ಸರಿಯನ್ನು ಸೆರಗಿಗೆ ಒರೆಸಿಕೊಂಡು, ಕಾಲಲ್ಲಿ ತೊಟ್ಟಿಲು ತೂಗುತ್ತಾ, ಬಾಯಲ್ಲಿ "ಬಂದೆ ಬಂದೆ ಬಂಗಾರಿ" ಅನ್ನುತ್ತಾ, ಈ ಕಡೆ ನಮ್ಮವನು ಕೆಳಗೆ ಇಳಿಯದ ಹಾಗೆ ಮೊಣಕಾಲು ಅಡ್ಡ ಇಟ್ಟಿದ್ದಾರೆ. ಮೂರು ನಿಮಿಷ ಅಷ್ಟೇ. ಇಂಥದ್ದು ದಿನಕ್ಕೆ ಹತ್ತು ಸಲ. ಇದು ಒಂದು ಮಗುವಿನ ಕೆಲಸ ಅಲ್ಲವೇ ಅಲ್ಲ. ಇಬ್ಬರೂ ಒಟ್ಟಿಗೆ ಮಲಗುವ ಒಂದೂವರೆ ಗಂಟೆಯೂ ಇದೆ, ಹಾಗಾಗಿ ಸರಿಯಾಗಿ ಎರಡರಷ್ಟು ಅಂತಲೂ ಅಲ್ಲ.

ಎರಡನೆಯದರಲ್ಲಿ ಅಕ್ಕನಿಗೆ ಒಳ್ಳೆಯ ದುಡ್ಡು ಬರುತ್ತದೆ, ಆದರೆ ಮನೆಯವರಿಗೆ ಏನೂ ಉಳಿಯುವುದಿಲ್ಲ. ಆರು ತಿಂಗಳಲ್ಲಿ ಯಾರಾದರೂ ಒಬ್ಬರು "ಇದಕ್ಕಿಂತ ನಾವೇ ಒಬ್ಬರನ್ನು ಇಟ್ಟುಕೊಳ್ಳುತ್ತೇವೆ" ಅಂತ ಹೊರಡುತ್ತಾರೆ. ಆಗ ಪೆಟ್ಟು ಬೀಳುವುದು ಮತ್ತೆ ಅಕ್ಕನಿಗೇ.

ಅದಕ್ಕೇ ಮೂರನೆಯದು. ಕೂಡಿ ಇಟ್ಟುಕೊಳ್ಳುವುದರಿಂದ ಬರುವ ಲಾಭ ಮೂರು ಜನರದ್ದು. ಎರಡು ಮನೆಗೂ ಸ್ವಲ್ಪ ಉಳಿಯಬೇಕು, ಅಕ್ಕನ ಕೈಗೂ ಮುಂಚೆಗಿಂತ ಜಾಸ್ತಿ ಬರಬೇಕು.

ಕಾನೂನಿನ ವಿಷಯ ಬಂದರೆ, ಮನೆಗೆಲಸದವರಿಗೆ ಕನಿಷ್ಠ ವೇತನ ಅಂತ 2004ರಲ್ಲೇ ನಿಗದಿ ಮಾಡಿದ್ದು ನಮ್ಮ ಕರ್ನಾಟಕ, ದೇಶದಲ್ಲೇ ಮೊದಲು. 2025ರಲ್ಲಿ ಅವರ ಸಾಮಾಜಿಕ ಭದ್ರತೆಗೆ ಅಂತ ಒಂದು ಕರಡು ಮಸೂದೆಯೂ ಬಂತು. ಕೆಲಸ ಕೊಡುವವರಿಂದ ಸಂಬಳದ ಮೇಲೆ ಶೇ. 5ರವರೆಗೆ ಕಲ್ಯಾಣ ಶುಲ್ಕ ತೆಗೆದುಕೊಳ್ಳುವ ಮಾತು ಅದರಲ್ಲಿದೆ. ಕನಿಷ್ಠ ವೇತನದ ಪಟ್ಟಿ ಹಿಡಿದುಕೊಂಡು "ಇದಕ್ಕಿಂತ ಜಾಸ್ತಿ ಕೊಡುತ್ತಿದ್ದೇವಲ್ಲ" ಅಂತ ಚೌಕಾಸಿಗೆ ಇಳಿಯಬೇಡಿ. ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ ಅಂತಷ್ಟೇ ಅದರ ಅರ್ಥ.

ಎರಡು ಮನೆ ಹೇಗೆ ಹಂಚಿಕೊಳ್ಳಬೇಕು

ಇಲ್ಲೇ ಜಗಳ ಆಗುವುದು. ಎರಡೂ ಮನೆಯ ಹೊತ್ತು ಒಂದೇ ಇದ್ದರೆ ಸುಮ್ನೆ ಅರ್ಧ ಅರ್ಧ ಮಾಡಿ, ಮುಗಿಯಿತು. ಹೆಚ್ಚಿನ ಕಡೆ ಹಾಗಿರುವುದಿಲ್ಲ. ನಮ್ಮ ಮನೆಗೆ ಬೆಳಗ್ಗೆ 8.30ರಿಂದ ಸಂಜೆ 5.30, ಒಟ್ಟು 9 ಗಂಟೆ. ಕೆಳಗಿನ ಮನೆಯವರಿಗೆ 9.30ರಿಂದ 3.30, ಅಂದರೆ 6 ಗಂಟೆ. ಅವರ ಮಗು ಇರುವಷ್ಟು ಹೊತ್ತೂ ನಮ್ಮ ಮಗು ಇರುತ್ತದೆ, ಉಳಿದ 3 ಗಂಟೆ ನಮ್ಮವನೊಬ್ಬನೇ.

ನಾವು ಹೀಗೆ ಲೆಕ್ಕ ಹಾಕಿದೆವು. ಒಂದೇ ಮಗು ಇರುವ ಹೊತ್ತಿಗೆ, ದಿನಕ್ಕೆ ಒಂದು ಗಂಟೆಯಂತೆ ತಿಂಗಳಿಗೆ 2,400 ರೂ. ಇಬ್ಬರೂ ಇರುವ ಹೊತ್ತಿಗೆ ಅದರ ಒಂದೂವರೆ ಪಟ್ಟು, 3,600 ರೂ. ಒಬ್ಬನೇ ಇರುವ 3 ಗಂಟೆಗೆ 7,200. ಇಬ್ಬರೂ ಇರುವ 6 ಗಂಟೆಗೆ 21,600. ಒಟ್ಟು 28,800 ರೂ. ಇದು ಅಕ್ಕನ ಸಂಬಳ.

ಈಗ ಈ 28,800 ಅನ್ನು ಹಂಚುವ ಮೂರು ದಾರಿ ನೋಡಿ. ಸಮಪಾಲು ಮಾಡಿದರೆ ತಲಾ 14,400. ಆದರೆ ಕೆಳಗಿನ ಮನೆಯವರು ದಿನಕ್ಕೆ 6 ಗಂಟೆಗೆ ಬೇರೆಯವರನ್ನು ಇಟ್ಟುಕೊಂಡಿದ್ದರೂ 6 ಸಲ 2,400, ಅದೇ 14,400 ಆಗುತ್ತಿತ್ತು! ಅವರಿಗೆ ಒಂದು ರೂಪಾಯಿಯೂ ಉಳಿಯಲಿಲ್ಲ, ಉಳಿದಿದ್ದೆಲ್ಲ ನಮಗೆ. ಗಂಟೆಗಳ ಪ್ರಮಾಣದಲ್ಲಿ, 9ಕ್ಕೆ 6ರಂತೆ ಹಂಚಿದರೆ ನಮಗೆ 17,280, ಅವರಿಗೆ 11,520. ಇದು ಪರವಾಗಿಲ್ಲ. ಆದರೂ ನಮ್ಮ ಮಗು ಒಂಟಿಯಾಗಿರುವ ಹೊತ್ತಿನ ಖರ್ಚಿನಲ್ಲಿ ಅವರೂ ಸ್ವಲ್ಪ ಹೊರುತ್ತಿದ್ದಾರೆ. ಮೂರನೇ ದಾರಿ, ಒಂಟಿ ಗಂಟೆ ಪೂರ್ತಿ ನಮ್ಮದು, ಜೊತೆಯ ಗಂಟೆ ಅರ್ಧ ಅರ್ಧ. ನಮಗೆ 7,200 ಮತ್ತು 10,800 ಸೇರಿ 18,000. ಅವರಿಗೆ 10,800.

ಇದರಲ್ಲಿ ಏನಾಯಿತು ಗೊತ್ತಾ? ನಾವೊಬ್ಬರೇ ಇಟ್ಟುಕೊಂಡಿದ್ದರೆ 9 ಗಂಟೆಗೆ 21,600 ಕೊಡಬೇಕಿತ್ತು, ಈಗ 18,000, ಉಳಿತಾಯ 3,600. ಕೆಳಗಿನ ಮನೆಯವರಿಗೂ 14,400ರ ಬದಲು 10,800, ಉಳಿತಾಯ 3,600. ಅಕ್ಕನಿಗೆ ಒಂದು ಮನೆಯಲ್ಲಿ ಸಿಗುತ್ತಿದ್ದ 21,600ರ ಬದಲು 28,800, ಅಂದರೆ 7,200 ಜಾಸ್ತಿ. ಕೆಲಸ ಜಾಸ್ತಿ ಆಗಿದ್ದು ಅವರಿಗೆ, ಜಾಸ್ತಿ ಪಾಲೂ ಅವರಿಗೆ. ನನಗೆ ಇದಕ್ಕಿಂತ ನ್ಯಾಯವಾದ ಲೆಕ್ಕ ಸಿಕ್ಕಿಲ್ಲ.

ಒಂದು ಮನೆಯಲ್ಲಿ ಅಣ್ಣ ತಂಗಿ ಇಬ್ಬರೂ ಇದ್ದರೆ? ಆಗ ಜೊತೆಯ ಗಂಟೆಗೆ ಅರ್ಧ ಅರ್ಧ ಸರಿಯಾಗುವುದಿಲ್ಲ, ಮೂರರಲ್ಲಿ ಎರಡು ಪಾಲು ಆ ಮನೆಯವರು ಕೊಡಬೇಕು, ಗಂಟೆಯ ದರವೂ ಇನ್ನೊಂದಿಷ್ಟು ಏರಬೇಕು. ಇನ್ನು ಮಕ್ಕಳನ್ನು ಯಾರ ಮನೆಯಲ್ಲಿ ನೋಡಿಕೊಳ್ಳುವುದು ಅನ್ನುವುದನ್ನು ಸಂಬಳದ ಜೊತೆ ಗಂಟು ಹಾಕಬೇಡಿ. ಕರೆಂಟು, ಗ್ಯಾಸು, ಅಕ್ಕನ ಊಟ ತಿಂಡಿ ಇದೆಲ್ಲ ಎರಡು ಮನೆಯವರ ಲೆಕ್ಕ, ಬೇಕಾದರೆ ವಾರಕ್ಕೊಂದು ಮನೆ ಅಂತ ಬದಲಾಯಿಸಿಕೊಳ್ಳಿ. ನಾವು ಬದಲಾಯಿಸಿಲ್ಲ. ಬದಲಾಯಿಸಿದರೆ ತೊಟ್ಟಿಲು, ಡೈಪರ್, ಬಟ್ಟಲು ಹೊತ್ತುಕೊಂಡು ಓಡಾಡುವ ಕೆಲಸವೂ ಅಕ್ಕನ ಮೇಲೇ ಬೀಳುತ್ತದೆ.

ಅವರು ಕೇಳಿದ ಒಂದೇ ಪ್ರಶ್ನೆ

ಮೊದಲ ದಿನ ಎರಡೂ ಮನೆಯವರು ಊಟದ ಟೇಬಲ್ ಸುತ್ತ ಕೂತೆವು. ಅಕ್ಕ ನಿಂತೇ ಇದ್ದರು. ಕುರ್ಚಿ ಎಳೆದು ಕೂರಿಸಿ, ಕಾಫಿ ಕೊಟ್ಟು, ಹಾಳೆಯಲ್ಲಿ ಮೇಲಿನ ಲೆಕ್ಕ ಬರೆದು ತೋರಿಸಿದೆವು. ಅವರು ಅಂಕಿ ಎಲ್ಲ ನೋಡಿದರು. ಕಡಿಮೆ ಆಯಿತು, ಜಾಸ್ತಿ ಆಯಿತು ಅಂತ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಮೇಡಂ, ಇವರು ಊರಿಗೆ ಹೋದ್ರೆ ನಂಗೆ ಆ ತಿಂಗಳು ಎಷ್ಟು ಬರುತ್ತೆ?"

ಯಾವ ಒಪ್ಪಂದ ಚೆನ್ನಾಗಿದೆ, ಯಾವುದು ಇಲ್ಲ ಅಂತ ಅಳೆಯಲು ಈ ಒಂದು ಪ್ರಶ್ನೆ ಸಾಕು. ಒಂದು ಮಗು ಬರದ ದಿನ ಸಂಬಳ ಏನಾಗುತ್ತದೆ?

ಬಂದ ದಿನಕ್ಕೆ ಮಾತ್ರ ದುಡ್ಡು ಅನ್ನುವುದು ಒಂದು ದಾರಿ. ಕೇಳಲು ಸರಿ ಅನ್ನಿಸುತ್ತದೆ. ಆದರೆ ಬೇಸಿಗೆ ರಜೆಯಲ್ಲಿ ಒಂದು ಮನೆಯವರು ಮೂರು ವಾರ ಧಾರವಾಡಕ್ಕೆ ಹೋದರೆ ಅಕ್ಕನ ಮನೆ ಬಾಡಿಗೆ ಕಮ್ಮಿ ಆಗುತ್ತದಾ? ಇಲ್ಲ. ಬೇರೆ ಕಡೆ ಮೂರು ವಾರದ ಕೆಲಸ ಸಿಗುತ್ತದಾ? ಅದೂ ಇಲ್ಲ. ಇನ್ನೊಂದು ದಾರಿ ಅರ್ಧ ಪಾಲು ಕೊಡುವುದು, ಅದು ತೀರಾ ದೀರ್ಘ ರಜೆಗೆ, ಅಂದರೆ ಎರಡು ತಿಂಗಳ ವಿದೇಶ ಪ್ರವಾಸ ಅಂಥದ್ದಕ್ಕೆ, ಮೊದಲೇ ಮಾತಾಡಿಕೊಂಡಿದ್ದರೆ ಮಾತ್ರ ಸರಿ. ನಾವು ಒಪ್ಪಿದ್ದು ಮೂರನೆಯದು: ಮಗು ಬರಲಿ ಬಿಡಲಿ, ಮನೆಯವರ ಪಾಲು ಪೂರ್ತಿ. ಮಗುವಿಗೆ ಜ್ವರ ಬಂದು ಒಂದು ವಾರ ಬರದಿದ್ದರೂ ಪೂರ್ತಿ. ನೀವು ಆಫೀಸಲ್ಲಿ ರಜೆ ಹಾಕಿದ ದಿನ ನಿಮಗೆ ಸಂಬಳ ಬರುತ್ತದೆ, ಅಲ್ವಾ?

ಬಿಟ್ಟು ಹೋಗುವುದೂ ಇದರ ಭಾಗವೇ. ಒಂದು ತಿಂಗಳ ನೋಟಿಸ್ ಅಂತ ಎಲ್ಲರೂ ಬರೆಯುತ್ತಾರೆ. ನಮ್ಮ ಲೆಕ್ಕದಲ್ಲಿ ಕೆಳಗಿನ ಮನೆಯವರು ಹೊರಟರೆ ಅಕ್ಕನಿಗೆ ನಮ್ಮಿಂದ 21,600 ಬರುತ್ತದೆ, ಹೇಗೋ ನಡೆಯುತ್ತದೆ. ನಾವು ಹೊರಟರೆ ಉಳಿಯುವುದು 6 ಗಂಟೆಯ 14,400, ಅಂದರೆ ಅರ್ಧ. ಹಾಗಾಗಿ ಜಾಸ್ತಿ ಪಾಲು ಕೊಡುವವರ ನೋಟಿಸ್ ಜಾಸ್ತಿ ಇರಬೇಕು ಅಂತ ನಾವೇ ಹೇಳಿ, ನಮ್ಮದು ಎರಡು ತಿಂಗಳು, ಅವರದು ಒಂದು ತಿಂಗಳು ಅಂತ ಬರೆದೆವು. ಹೇಳದೆ ಹೋದರೆ ಅಷ್ಟು ತಿಂಗಳ ಪಾಲಿನ ದುಡ್ಡು ಕೊಟ್ಟೇ ಹೋಗಬೇಕು.

ಕೈಗೆ ದುಡ್ಡಾ, ಸೌಲಭ್ಯವಾ?

"ಎರಡು ಸಾವಿರ ಜಾಸ್ತಿ ಕೊಟ್ಟುಬಿಡೋಣ, ರಜೆ ಬೋನಸ್ಸು ಎಲ್ಲ ಬೇಡ" ಅನ್ನುವವರಿದ್ದಾರೆ. ಅಕ್ಕನಿಗೂ ಒಮ್ಮೊಮ್ಮೆ ಅದೇ ಬೇಕಿರುತ್ತದೆ. ನನ್ನ ಅಭಿಪ್ರಾಯ, ರಜೆಯನ್ನು ಯಾವತ್ತೂ ದುಡ್ಡಿಗೆ ಬದಲಾಯಿಸಬೇಡಿ. ಉಳಿದದ್ದನ್ನು ಅವರನ್ನೇ ಕೇಳಿ.

ನಾವು ಕೊಟ್ಟಿದ್ದು: ಭಾನುವಾರ ರಜೆ, ಅದು ಬಿಟ್ಟು ವರ್ಷಕ್ಕೆ 18 ದಿನ ಸಂಬಳದ ಸಮೇತ ರಜೆ, ಯುಗಾದಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿ ಬೇರೆ. ಅವರ ಊರು ಮಾಗಡಿ ಕಡೆ. ಊರ ಹಬ್ಬಕ್ಕೆ ನಾಲ್ಕು ದಿನ ಬೇಕೇ ಬೇಕು, ಅದನ್ನು ಮೊದಲೇ ಕೇಳಿಕೊಂಡು ಎರಡು ಮನೆಯವರೂ ಅದೇ ದಿನಗಳಿಗೆ ಆಫೀಸಲ್ಲಿ ರಜೆ ಹಾಕುತ್ತೇವೆ. ದೀಪಾವಳಿಗೆ ಇಬ್ಬರೂ ಅವರವರ ಪಾಲಿನ ಒಂದು ತಿಂಗಳ ಸಂಬಳ ಬೋನಸ್. ಗೌರಿ ಹಬ್ಬಕ್ಕೆ ಸೀರೆ ಕೊಡುವುದು ಪ್ರೀತಿಗೆ, ಅದನ್ನು ಬೋನಸ್ ಲೆಕ್ಕಕ್ಕೆ ಸೇರಿಸಬೇಡಿ.

ಓವರ್‌ಟೈಮ್ ಬಗ್ಗೆ ಮೊದಲೇ ದರ ಬರೆದಿಡಿ. ತಿಂಗಳಿಗೆ 26 ದಿನದಂತೆ ನಮ್ಮ 2,400 ಅಂದರೆ ಗಂಟೆಗೆ ಸುಮಾರು 92 ರೂ. ಫ್ಯಾಕ್ಟರಿಗಳಲ್ಲಿ ಓವರ್‌ಟೈಮ್‌ಗೆ ಎರಡರಷ್ಟು ಕೊಡಬೇಕು ಅಂತ ಕಾನೂನೇ ಇದೆ, ನಾವೂ ಅದೇ ಅಳತೆ ಹಿಡಿದು ಗಂಟೆಗೆ 200 ಅಂತ ಇಟ್ಟೆವು. ತಡಮಾಡಿದ ಮನೆಯವರು ಕೊಡಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದು ನಮ್ಮ ಕಷ್ಟ, ಅವರ ಮನೆಯಲ್ಲೂ ಮಕ್ಕಳು ಕಾಯುತ್ತಿರುತ್ತಾರೆ.

ಓಡಾಟದ ಖರ್ಚು ಹೇಗೆ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಹೆಂಗಸರಿಗೆ ಉಚಿತ. ನಮ್ಮ ಅಕ್ಕ ಕೋಣನಕುಂಟೆಯಿಂದ ಜೆ.ಪಿ. ನಗರಕ್ಕೆ ಬಸ್ಸಲ್ಲೇ ಬರುತ್ತಾರೆ. "ಬಸ್ಸು ಫ್ರೀ ಇದೆಯಲ್ಲ" ಅಂತ ಆ ದುಡ್ಡನ್ನು ಸಂಬಳದಲ್ಲಿ ಕಡಿಮೆ ಮಾಡಿದ ಒಂದು ಮನೆಯ ಕಥೆ ಕೇಳಿ ನನಗೆ ಬೇಜಾರಾಯಿತು. ಆ ಸೌಲಭ್ಯ ಅವರಿಗೆ ಸಿಕ್ಕಿದ್ದು, ನಮಗಲ್ಲ. ಮಳೆ ದಿನ, ತಡವಾದ ದಿನ ಆಟೋ ದುಡ್ಡು ನಾವು ಕೊಡುತ್ತೇವೆ. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರ್‌ಗೆ 36 ರೂ., ಆಮೇಲೆ ಕಿಲೋಮೀಟರ್‌ಗೆ 18 ರೂ. ಅಂತ ಮೀಟರ್ ದರ, ನಿಜವಾಗಿ ಎಷ್ಟು ಕೇಳುತ್ತಾರೆ ಅಂತ ನಿಮಗೂ ಗೊತ್ತು. ಅಕ್ಕ ಆಟೋಗೆ ಕೊಟ್ಟಷ್ಟು ಕೊಡಿ.

ವಿಮೆ ವಿಷಯದಲ್ಲಿ ತಡ ಮಾಡಬೇಡಿ, ಖರ್ಚು ತೀರಾ ಕಡಿಮೆ. ಬ್ಯಾಂಕ್ ಖಾತೆ ಇದ್ದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ವರ್ಷಕ್ಕೆ 20 ರೂ., 2 ಲಕ್ಷದ ಅಪಘಾತ ವಿಮೆ, 18ರಿಂದ 70 ವಯಸ್ಸಿನವರಿಗೆ. ಜೀವನ್ ಜ್ಯೋತಿ ವರ್ಷಕ್ಕೆ 436 ರೂ., 2 ಲಕ್ಷದ ಜೀವ ವಿಮೆ, 50 ವರ್ಷದೊಳಗೆ ಸೇರಬೇಕು. ಎರಡೂ ಸೇರಿ 456, ಮನೆಗೆ 228. ಇ-ಶ್ರಮ್ ಕಾರ್ಡ್ ಮಾಡಿಸಿ, ಅದಕ್ಕೆ ದುಡ್ಡಿಲ್ಲ, 16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರು ಯಾರು ಬೇಕಾದರೂ ಮಾಡಿಸಬಹುದು. ಪಿಂಚಣಿಯಲ್ಲಿ ಮಾತ್ರ ಸ್ವಲ್ಪ ನೋಡಿಕೊಳ್ಳಿ. ಶ್ರಮ ಯೋಗಿ ಮಾನ್‌ಧನ್ ಯೋಜನೆಗೆ ಸೇರುವವರ ತಿಂಗಳ ಆದಾಯ 15,000 ದಾಟಿರಬಾರದು, ವಯಸ್ಸು 18ರಿಂದ 40. ಎರಡು ಮನೆಯ ಸಂಬಳ ಸೇರಿದಾಗ ಆ ಮಿತಿ ದಾಟುತ್ತದೆ. ಅಟಲ್ ಪಿಂಚಣಿಗೆ ಆ ಆದಾಯದ ಮಿತಿ ಇಲ್ಲ, ಆದಾಯ ತೆರಿಗೆ ಕಟ್ಟುವವರಾಗಿರಬಾರದು ಅಷ್ಟೇ, ಆದರೆ ಅದಕ್ಕೂ 40 ವರ್ಷದೊಳಗಿರಬೇಕು. ನಮ್ಮ ಅಕ್ಕನಿಗೆ 43. ಹಾಗಾಗಿ ಪೋಸ್ಟ್ ಆಫೀಸಲ್ಲಿ ಅವರ ಹೆಸರಲ್ಲಿ ಐದು ವರ್ಷದ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಉಳಿತಾಯ ಖಾತೆ) ಮಾಡಿಸಿ, ಎರಡು ಮನೆಯವರೂ ತಿಂಗಳಿಗೆ 500 ಹಾಕುತ್ತೇವೆ, ಸಂಬಳ ಬಿಟ್ಟು. ಪಾಸ್‌ಬುಕ್ ಅವರ ಹತ್ತಿರವೇ ಇದೆ.

ಸಂಬಳ ನಗದಾ, ಖಾತೆಗಾ ಅನ್ನುವುದನ್ನೂ ಕೇಳಿ ತಿಳಿದುಕೊಳ್ಳಿ. ಖಾತೆಗೆ ಹಾಕಿದರೆ ದಾಖಲೆ ಇರುತ್ತದೆ, ನಾಳೆ ಬೇರೆ ಮನೆಗೆ ಹೋದಾಗ ಇಷ್ಟು ಬರುತ್ತಿತ್ತು ಅಂತ ತೋರಿಸಬಹುದು. ಆದರೆ ಕೆಲವರ ಎಟಿಎಂ ಕಾರ್ಡ್ ಗಂಡನ ಕೈಯಲ್ಲಿರುತ್ತದೆ. ಅಂಥ ಕಡೆ ಅವರು ಹೇಳಿದ ಹಾಗೆ ಮಾಡಿ, ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಕೊಡಿ.

ಮುಂಗಡ ಕೇಳುವುದು ಜೂನ್‌ನಲ್ಲಿ, ಸ್ಕೂಲ್ ಫೀಸಿಗೆ. ಒಬ್ಬರು ಗುಟ್ಟಾಗಿ ಕೊಟ್ಟು ಅವರ ಪಾಲಲ್ಲಿ ಹಿಡಿದುಕೊಳ್ಳುವುದಕ್ಕಿಂತ ಇಬ್ಬರೂ ಸೇರಿ ಕೊಡುವುದು ಒಳ್ಳೆಯದು. ನಾವು 30,000 ಕೊಟ್ಟೆವು, ಅರ್ಧ ಅರ್ಧ. ಹತ್ತು ತಿಂಗಳು, ತಿಂಗಳಿಗೆ 3,000, ಬಡ್ಡಿ ಇಲ್ಲ. ಎರಡು ಮನೆಯವರೂ ಬೇರೆ ಬೇರೆ ಹಿಡಿದುಬಿಟ್ಟರೆ ಆ ತಿಂಗಳು ಅವರ ಕೈಗೆ ಬರುವುದೇ ಕಡಿಮೆಯಾಗುತ್ತದೆ.

ಏಜೆನ್ಸಿಯಾ, ನೇರವಾಗಿಯಾ?

ಏಜೆನ್ಸಿಯಿಂದ ಬಂದರೆ ರಜೆ ಹಾಕಿದಾಗ ಬೇರೆಯವರನ್ನು ಕಳಿಸುತ್ತಾರೆ, ಅದೊಂದು ಅನುಕೂಲ. ಒಂದೇ ಪ್ರಶ್ನೆ ಕೇಳಿ: ನಾವು ಕೊಡುವುದರಲ್ಲಿ ಅಕ್ಕನ ಕೈಗೆ ಎಷ್ಟು ಹೋಗುತ್ತದೆ? ಶುರುವಿನಲ್ಲಿ ಒಂದು ಸಲ ನಮ್ಮಿಂದ ಕಮಿಷನ್ ತೆಗೆದುಕೊಳ್ಳುವ ಏಜೆನ್ಸಿ ಪರವಾಗಿಲ್ಲ. ಪ್ರತಿ ತಿಂಗಳು ಅಕ್ಕನ ಸಂಬಳದಲ್ಲೇ ಕತ್ತರಿಸುವುದಾದರೆ ಬೇಡ. ಉತ್ತರ ಸರಿಯಾಗಿ ಹೇಳದಿದ್ದರೂ ಬೇಡ. ಇಬ್ಬರು ಮಕ್ಕಳಿಗೆ ಅಂತ ಏಜೆನ್ಸಿಯವರು ಜಾಸ್ತಿ ಕೇಳುತ್ತಾರೆ, ಆ ಜಾಸ್ತಿ ದುಡ್ಡು ಅಕ್ಕನಿಗೆ ಮುಟ್ಟುತ್ತದೆ ಅಂತ ಅಂದುಕೊಳ್ಳಬೇಡಿ. ನೇರವಾಗಿ ಇಟ್ಟುಕೊಂಡರೆ ಹಳೆಯ ಮನೆಯವರ ಹತ್ತಿರ ಮಾತಾಡಿ, ಪೊಲೀಸ್ ವೆರಿಫಿಕೇಶನ್ ಅನ್ನು ಅವರಿಗೆ ಹೇಳಿಯೇ ಮಾಡಿಸಿ.

ಕೆಲಸ ಏನೇನು ಅನ್ನುವುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಮಗುವಿನ ಊಟ, ಸ್ನಾನ, ಬಟ್ಟೆ, ಬಾಟಲಿ ಅವರ ಕೆಲಸ. ಸಿಂಕಿನಲ್ಲಿರುವ ನಮ್ಮ ಪಾತ್ರೆ, ಸಂಜೆಗೆ ತರಕಾರಿ ಹೆಚ್ಚುವುದು, ಅಲ್ಲ. ಒಂದು ಮನೆಯಲ್ಲಿ "ಸ್ವಲ್ಪ ಇದೊಂದು ಮಾಡಿಬಿಡಿ" ಅಂದರೆ ಇನ್ನೊಂದು ಮನೆಯಲ್ಲೂ ಶುರುವಾಗುತ್ತದೆ, ಆಮೇಲೆ ಮಕ್ಕಳನ್ನು ನೋಡುವವರು ಯಾರು?

ಈಗ ನಮ್ಮ ಮಗನಿಗೆ ಎರಡೂವರೆ ದಾಟಿದೆ. ಬರುವ ಜೂನ್‌ಗೆ ಎರಡು ಮಕ್ಕಳೂ ಪ್ರೀ ಸ್ಕೂಲ್‌ಗೆ ಹೋಗುತ್ತಾರೆ. ಇದನ್ನು ಅಕ್ಕನಿಗೆ ಫೆಬ್ರವರಿಯಲ್ಲೇ ಹೇಳಿದೆವು. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಹಾಕಿದ ಮೇಲೆ ಬಿ ಬ್ಲಾಕ್‌ನ ಎರಡು ಮನೆಯವರು ಕೇಳಿಕೊಂಡು ಬಂದರು. ಮೊದಲ ಮನೆಯವರು ಸಂಬಳ ಎಷ್ಟು ಅಂತ ನನ್ನನ್ನು ಕೇಳಿದಾಗ, ಅಕ್ಕನ ಹತ್ತಿರವೇ ಮಾತಾಡಿ ಅಂದೆ. ಅಕ್ಕ ನಮ್ಮ ಹಳೆಯ ಹಾಳೆಯನ್ನು ಕವರ್‌ನಲ್ಲಿ ಮಡಚಿ ಇಟ್ಟುಕೊಂಡಿದ್ದರು. ಅದನ್ನು ಟೇಬಲ್ ಮೇಲೆ ಬಿಡಿಸಿಟ್ಟು, 28,800ರ ಮೇಲೆ ಬೆರಳಿಟ್ಟು, "ಇಲ್ಲಿಂದ ಮಾತಾಡೋಣ" ಅಂದರು.